ಖ್ವಾಜಾನ ಎರಡು ಖಜಾನೆಗಳು

ಬೀದರಿನ ಹಳೆಯ ಪೇಟೆಯ ನಡುವೆ ಚೌಬಾರಾ ಎಂಬ ದುಂಡನೆಯ ಗೋಪುರವಿದೆ. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ಸ್ವಲ್ಪ ದೂರ ನಡೆದರೆ, ಅರ್ಧ ಸೊಗಸಾಗಿಯೂ ಅರ್ಧ ಮುರಿದೂ ನಿಂತಿರುವ ಒಂದು ಭಾರಿ ಕಟ್ಟಡವು ಎದುರಾಗುತ್ತದೆ. ಮುಂಭಾಗದ ಎರಡು ಮೂಲೆಗಳಲ್ಲಿ ಎರಡು ಮಿನಾರುಗಳಿರಬೇಕಾಗಿತ್ತು; ಈಗ ಇರುವುದು ಒಂದೇ. ಅದರ ಮೈಮೇಲೆ ಹಸುರು, ನೀಲಿ, ಹಳದಿ, ಬಿಳಿಯ ಬಣ್ಣದ ಬಿಲ್ಲೆಗಳು ಅಲ್ಲಲ್ಲಿ ಉಳಿದು, ಬೆಳಗಿನ ಬಿಸಿಲಿಗೆ ಹೊಳೆಯುತ್ತವೆ. ಹೊಸಬರು ಇದನ್ನು ಯಾವುದೋ ಸುಲ್ತಾನನ ಅರಮನೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ಅರಮನೆಯಲ್ಲ, ವಿದ್ಯಾಶಾಲೆ. ಇದನ್ನು ಕಟ್ಟಿಸಿದವನು ಸುಲ್ತಾನನೂ ಅಲ್ಲ. ಸರಕು ಹೇರಿಕೊಂಡು ಹಡಗಿನಲ್ಲಿ ಬಂದಿಳಿದ ಒಬ್ಬ ವರ್ತಕ. ಊರಿಗೆ ಶಾಲೆ ಕಟ್ಟಿಸಿದ ವ್ಯಾಪಾರಿಗಳು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಅವರೆಲ್ಲರ ಹಿರಿಯಣ್ಣನೆಂದು ನಾನು ಎಣಿಸುವವನು ಈತನೇ, ಖ್ವಾಜಾ ಮಹಮೂದ್ ಗವಾನ್.

ಆತನು ಹುಟ್ಟಿದ್ದು 1411ರಲ್ಲಿ, ಪರ್ಷಿಯಾ ದೇಶದ ಗೀಲಾನ್ ಸೀಮೆಯಲ್ಲಿ. ಕ್ಯಾಸ್ಪಿಯನ್ ಸಮುದ್ರದ ಬಳಿಯ ಒಂದು ಹಳ್ಳಿಯ ಹೆಸರೇ ಆತನ ಹೆಸರಿನ ಕೊನೆಗೆ ಅಂಟಿಕೊಂಡಿತು. ಮನೆತನವು ಆ ಸೀಮೆಯ ದರ್ಬಾರಿನಲ್ಲಿ ಮಂತ್ರಿಪದವಿಯನ್ನು ನಡೆಸಿದ್ದು. ಆದರೆ ದರ್ಬಾರು ಎಂದ ಮೇಲೆ ಪಿತೂರಿ ಇದ್ದೇ ಇರುತ್ತದೆ. ಅದರ ಕಾಟಕ್ಕೆ ಬೇಸತ್ತು ಮಹಮೂದನು ಹುಟ್ಟಿದ ನಾಡನ್ನು ಬಿಟ್ಟನು. ರಾಜಸೇವೆಯೇ ಬೇಡವೆಂದು ತಕ್ಕಡಿ ಹಿಡಿದನು. ಊರೂರು ಸುತ್ತುವ ವ್ಯಾಪಾರದಲ್ಲಿ ಆತನಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ಪಟ್ಟಣದಲ್ಲಿ ಸರಕು ಇಳಿಸಿದರೂ ಅಲ್ಲಿಯ ಪಂಡಿತರನ್ನು ಹುಡುಕಿಕೊಂಡು ಹೋಗಿ ಅವರ ಕಾಲ ಬಳಿ ಕುಳಿತುಕೊಳ್ಳುತ್ತಿದ್ದನು. ಕೈರೋ ಪಟ್ಟಣದಲ್ಲಿ ಇಬ್ನ್ ಹಜರನೆಂಬ ಮಹಾವಿದ್ವಾಂಸನಲ್ಲಿ ಪಾಠ ಕೇಳಿದನು. ಡಮಾಸ್ಕಸಿನಲ್ಲಿಯೂ ವಿದ್ವಾಂಸರ ಸಹವಾಸ ಮಾಡಿದನು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಪುಸ್ತಕದ ಹುಚ್ಚು ಹಿಡಿಯುವುದು ಅಪರೂಪ. ಹಿಡಿದರೆ ಅದು ಸುಲಭವಾಗಿ ಬಿಡುವ ಹುಚ್ಚಲ್ಲ.

1453ರಲ್ಲಿ ಆತನ ಹಡಗು ಕೊಂಕಣ ತೀರದ ದಾಭೋಳ ಬಂದರಿಗೆ ಬಂದಿತು. ಆಗ ಆತನಿಗೆ ನಲವತ್ತು ದಾಟಿತ್ತು. ಆ ಕಾಲದಲ್ಲಿ ಪರ್ಷಿಯಾ, ಅರಬಸ್ತಾನಗಳಿಂದ ದಖ್ಖನ್ನಿಗೆ ಬರುತ್ತಿದ್ದ ಸರಕುಗಳಲ್ಲಿ ಕುದುರೆಗೇ ಅಗ್ರಸ್ಥಾನ. ನಮ್ಮ ಈ ಎರೆನೆಲದಲ್ಲಿ ಜೋಳ ಹುಲುಸಾಗಿ ಬೆಳೆಯುತ್ತದೆ, ಆದರೆ ಯುದ್ಧಕ್ಕೆ ತಕ್ಕ ಕುದುರೆ ಬೆಳೆಯುವುದಿಲ್ಲ. ವಿಜಯನಗರದ ರಾಯರೂ ಬಹಮನಿ ಸುಲ್ತಾನರೂ ಕಡಲಾಚೆಯ ಕುದುರೆಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಹಣ ಚೆಲ್ಲುತ್ತಿದ್ದರು. ಬಂದರುಗಳಿಗಾಗಿ ಅವರು ನಡೆಸಿದ ಕಾಳಗಗಳ ಹಿಂದೆ ಈ ಕುದುರೆಯ ವ್ಯಾಪಾರವೇ ಇದೆ. ಮಹಮೂದನು ಬೀದರಿಗೆ ಬಂದದ್ದು ಮಾರಾಟಕ್ಕೆ ಮಾತ್ರವಲ್ಲ. ಅಲ್ಲಿದ್ದ ಷಾ ಮುಹಿಬ್ಬುಲ್ಲಾ ಎಂಬ ಸಂತನ ದರ್ಶನ ಮಾಡಿ, ಮುಂದೆ ದೆಹಲಿಯ ವಿದ್ವಾಂಸರನ್ನು ಕಾಣಬೇಕೆಂದು ಆತನ ಬಯಕೆ. ದೆಹಲಿಗೆ ಆತನು ಹೋಗಲೇ ಇಲ್ಲ. ಸುಲ್ತಾನ ಅಲಾವುದ್ದೀನನು ಆತನ ಮಾತುಗಾರಿಕೆಗೂ ಬುದ್ಧಿಗೂ ಮೆಚ್ಚಿ ತನ್ನ ಸೇವೆಯಲ್ಲಿರಿಸಿಕೊಂಡನು. ಯಾವ ದರ್ಬಾರಿನ ಹಂಗನ್ನು ಹರಿದುಕೊಂಡು ಬಂದಿದ್ದನೋ ಅದೇ ದರ್ಬಾರಿನ ಹೊಸ್ತಿಲನ್ನು ಮತ್ತೆ ತುಳಿದನು.

ಮುಂದಿನ ಏಳಿಗೆಯನ್ನು ಚರಿತ್ರೆಯ ಪಠ್ಯಪುಸ್ತಕಗಳು ವಿವರವಾಗಿ ಹೇಳುತ್ತವೆ. ಇಲ್ಲಿ ಎರಡು ಮಾತು ಸಾಕು. ನಲ್ಗೊಂಡದ ಕಡೆಯ ಒಂದು ದಂಗೆಯನ್ನು ಅಡಗಿಸಿದನು. ಕ್ರೂರಿಯೆಂದು ಹೆಸರಾದ ಹುಮಾಯೂನ್ ಸುಲ್ತಾನನು ಆತನಿಗೆ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದನ್ನು ಕೊಟ್ಟನು. ಅದರ ಅರ್ಥ ವರ್ತಕರ ಒಡೆಯ. ಹುಮಾಯೂನನ ತರುವಾಯ ಎಳೆಯ ಮಕ್ಕಳು ಪಟ್ಟಕ್ಕೆ ಬಂದಾಗ ರಾಜಮಾತೆಯೊಡನೆ ಸೇರಿ ರಾಜ್ಯವನ್ನು ಕಾಪಾಡಿದನು. 1466ರ ಹೊತ್ತಿಗೆ ಮೂರನೆಯ ಮುಹಮ್ಮದ್ ಷಾಹನ ಪ್ರಧಾನಮಂತ್ರಿಯಾಗಿ, ರಾಜ್ಯವೆಂಬ ಗಾಡಿಯ ನೊಗವನ್ನು ಒಬ್ಬನೇ ಹೊತ್ತನು. 1472ರಲ್ಲಿ ಗೋವೆಯನ್ನು ಗೆದ್ದನು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದು, ಒಬ್ಬ ಅಧಿಕಾರಿಯ ಕೈಯಲ್ಲಿ ಒಂದೇ ಕೋಟೆಯಿರುವಂತೆ ಮಾಡಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ಅಳತೆ, ತೂಕ, ಲೆಕ್ಕ ಇವು ವರ್ತಕನ ವಿದ್ಯೆಗಳೇ ಅಲ್ಲವೆ? ಕೋಟೆಗಳನ್ನು ಕಳೆದುಕೊಂಡ ಸರದಾರರಿಗೆ ಈ ಲೆಕ್ಕ ಹಿಡಿಸಲಿಲ್ಲ. ಆ ಮಾತು ಆಮೇಲೆ.

ಆ ದಿನಗಳ ಬೀದರನ್ನು ಕಣ್ಣಾರೆ ಕಂಡು ಬರೆದಿಟ್ಟ ಇನ್ನೊಬ್ಬ ವರ್ತಕನಿದ್ದಾನೆ. ರಷ್ಯಾದ ತ್ವೆರ್ ಪಟ್ಟಣದ ಅಫಾನಾಸಿ ನಿಕಿತಿನ್. ಒಂದೇ ಒಂದು ಕುದುರೆಯನ್ನು ಮಾರಿ ಲಾಭ ಮಾಡಬಹುದೆಂಬ ಆಸೆಯಿಂದ ಅಷ್ಟು ದೂರದಿಂದ ಬಂದ ಪುಣ್ಯಾತ್ಮ! ಜುನ್ನಾರಿನಲ್ಲಿ ಅಲ್ಲಿಯ ಖಾನನು ಆ ಕುದುರೆಯನ್ನು ಕಿತ್ತುಕೊಂಡು ಅವನನ್ನು ಗೋಳುಹೊಯ್ದುಕೊಂಡನು. ಹೇಗೋ ಬಿಡಿಸಿಕೊಂಡು ಕೊನೆಗೆ ಬೀದರಿನಲ್ಲಿ ಮಾರಿದನು. ಮಲಿಕ್-ಉತ್-ತುಜ್ಜಾರನ ಮನೆಯಲ್ಲಿ ದಿನವೂ ಐನೂರು ಮಂದಿ ಊಟಕ್ಕೆ ಕುಳಿತುಕೊಳ್ಳುವರೆಂದು ಅವನು ದಾಖಲಿಸಿದ್ದಾನೆ. ಅದೇ ಬರಹದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದ್ದಾನೆ: ಈ ದೇಶದಲ್ಲಿ ಸರದಾರರ ವೈಭವಕ್ಕೆ ಮಿತಿಯಿಲ್ಲ, ಹಳ್ಳಿಯ ಜನರ ಬಡತನಕ್ಕೂ ಮಿತಿಯಿಲ್ಲ. ಪರದೇಶಿಯ ಕಣ್ಣಿಗೆ ಬಿದ್ದ ಈ ನೋಟವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಶಾಲೆಯ ಕಥೆ. ಅದು ಮುಗಿದದ್ದು 1472ರ ಸುಮಾರಿಗೆ. ಮಹಮೂದನು ತನ್ನ ತಾರುಣ್ಯದಲ್ಲಿ ಕಂಡ ಖುರಾಸಾನದ ಮದರಸಾಗಳ ಮಾದರಿಯನ್ನೇ ಬೀದರಿನ ಕೆಂಪುಕಲ್ಲಿನ ನೆಲದ ಮೇಲೆ ತಂದು ನಿಲ್ಲಿಸಿದನು. ಉದ್ದ ಸುಮಾರು 205 ಅಡಿ, ಅಗಲ 180 ಅಡಿ, ಎತ್ತರ ಮೂರು ಅಂತಸ್ತು. ನಡುವೆ ಚೌಕವಾದ ತೆರೆದ ಅಂಗಳ. ಅಂಗಳದ ನಾಲ್ಕು ದಿಕ್ಕಿಗೂ ಭಾರಿ ಕಮಾನಿನ ಹಜಾರಗಳು. ಅವುಗಳ ನಡುವೆ ಸಾಲುಸಾಲಾಗಿ ಕೋಣೆಗಳು. ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರ ಬಿಡಾರಕ್ಕೆ ಆರು ವಿಭಾಗಗಳು. ಪ್ರಾರ್ಥನೆಗೊಂದು ಮಸೀದಿ, ಗ್ರಂಥಗಳಿಗೊಂದು ಭಂಡಾರ, ಪ್ರವಚನಕ್ಕೆ ವಿಶಾಲವಾದ ಸಭಾಂಗಣಗಳು. ಉಳಿದಿರುವ ಮಿನಾರಿನ ಎತ್ತರವೇ 131 ಅಡಿ.

ಈ ಕಟ್ಟಡದಲ್ಲಿ ನನಗೆ ಬಹಳ ಹಿಡಿಸುವುದು ಮುಂಭಾಗದ ಬಣ್ಣವಲ್ಲ. ಆ ಕೋಣೆಗಳಿಗೆ ಬರುವ ಗಾಳಿ ಬೆಳಕು. ಬೀದರಿನ ಏಪ್ರಿಲ್ ತಿಂಗಳ ಉರಿಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಒಳಗಣ ಅಂಗಳದ ಕಡೆಗೂ ಹೊರಗಣ ಬೀದಿಯ ಕಡೆಗೂ ತೆರೆಯುವ ಕಿಂಡಿ ಕಿಟಕಿಗಳಿಂದ ನಡುಹಗಲಿನಲ್ಲಿಯೂ ಓದಲು ಕಣ್ಣಿಗೆ ತೊಂದರೆಯಿಲ್ಲ. ಕಟ್ಟಿಸಿದವನು ತಾನೂ ಓದಿದವನೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಕ್ಕಳು ಕುಳಿತುಕೊಳ್ಳುವ ಕೋಣೆಗೆ ಕಿಟಕಿಯನ್ನು ಮರೆತು, ಹೆಬ್ಬಾಗಿಲಿನ ಮೇಲೆ ದಾನಿಯ ಹೆಸರನ್ನು ಮೊಳಗಾತ್ರದ ಅಕ್ಷರದಲ್ಲಿ ಕೆತ್ತಿಸಿದ ಶಾಲೆಗಳನ್ನು ನಾವು ನೋಡಿಲ್ಲವೆ?

ಓದಲು ಬಂದವರಿಗೆ ಊಟ ವಸತಿಗಳು ಉಚಿತ. ಅರಬಿ, ಪಾರಸಿ ಭಾಷೆಗಳು, ಧರ್ಮಶಾಸ್ತ್ರ, ತತ್ತ್ವ, ಗಣಿತ ಮೊದಲಾದವುಗಳ ಪಾಠ. ಅಧ್ಯಾಪಕರಿಗಾಗಿ ಮಹಮೂದನು ದೂರ ದೂರದ ಪಂಡಿತರಿಗೆ ಓಲೆ ಬರೆದನು. ಹೆರಾತಿನ ಮಹಾಕವಿ ಜಾಮಿಯನ್ನೂ ಕರೆದನು. ಜಾಮಿ ಬರಲಿಲ್ಲ, ಆದರೆ ಇಬ್ಬರಿಗೂ ಪತ್ರವ್ಯವಹಾರವು ಬೆಳೆಯಿತು. ಮಹಮೂದನು ಪತ್ರ ಬರೆಯುವುದರಲ್ಲಿ ಎತ್ತಿದ ಕೈ. ಆತನ ಓಲೆಗಳ ಸಂಗ್ರಹವೊಂದು ‘ರಿಯಾಜ್-ಉಲ್-ಇನ್ಷಾ’ ಎಂಬ ಹೆಸರಿನಲ್ಲಿ ಉಳಿದುಬಂದಿದೆ. ಓಲೆ ಬರೆಯುವ ಕಲೆಯನ್ನು ಕುರಿತೇ ಇನ್ನೊಂದು ಗ್ರಂಥವನ್ನು ರಚಿಸಿದನು. ಅಂಥವನ ಪ್ರಾಣಕ್ಕೆ ಒಂದು ಓಲೆಯೇ ಎರವಾದದ್ದನ್ನು ವಿಧಿಯೆನ್ನಬೇಕೊ, ಮನುಷ್ಯನ ಕೇಡಿಗತನವೆನ್ನಬೇಕೊ!

ಬಹಮನಿ ದರ್ಬಾರಿನಲ್ಲಿ ಎರಡು ಬಣಗಳಿದ್ದವು. ಈ ನೆಲದಲ್ಲೇ ಬೆಳೆದ ದಖ್ಖನಿಗಳು ಒಂದು ಕಡೆ. ಹೊರನಾಡುಗಳಿಂದ ಬಂದ ಪರದೇಶಿಗಳು ಇನ್ನೊಂದು ಕಡೆ. ಮಹಮೂದನು ಪದವಿಗಳನ್ನು ಹಂಚುವಾಗ ಎರಡೂ ಬಣಗಳಿಗೆ ಸಮನಾಗಿ ತೂಗಿಕೊಟ್ಟನು. ಆದರೂ ಮಲಿಕ್ ಹಸನ್ ಮೊದಲಾದ ದಖ್ಖನಿ ಸರದಾರರ ಎದೆಯ ಕಿಚ್ಚು ಆರಲಿಲ್ಲ. ಮಂತ್ರಿಯ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನನ್ನು ಆಮಿಷವೊಡ್ಡಿ ಒಲಿಸಿಕೊಂಡರು. ಅವನಿಗೆ ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಮೇಲಣ ಖಾಲಿ ಜಾಗದಲ್ಲಿ, ಒರಿಸ್ಸದ ರಾಜನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಬೇಕೆಂದು ಮಂತ್ರಿಯೇ ಕರೆದಂತೆ ಬರೆದರು. ಆಗ ಸುಲ್ತಾನನು ಕೊಂಡಪಲ್ಲಿಯ ಬಿಡಾರದಲ್ಲಿದ್ದನು. ಕುಡಿದ ಅಮಲಿನಲ್ಲಿದ್ದವನ ಕೈಗೆ ಆ ಕಾಗದವನ್ನು ಕೊಟ್ಟರು.

ಹೋಗಬೇಡವೆಂದು ಗೆಳೆಯರು ತಡೆದರೂ ಮಹಮೂದನು ಒಡೆಯನ ಕರೆಗೆ ಓಗೊಟ್ಟು ಹೋದನು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಹೇಳಿದನೆಂದು ಇತಿಹಾಸಕಾರರು ತಿಳಿಸುತ್ತಾರೆ. ವಿಚಾರಣೆ ಅಷ್ಟರಲ್ಲೇ ಮುಗಿಯಿತು. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನಲ್ಲಿದ್ದ ಆ ವೃದ್ಧನ ತಲೆ ನೆಲಕ್ಕುರುಳಿತು.

ಆಮೇಲೆ ನಡೆದದ್ದನ್ನು ಫಿರಿಶ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯವೆಂದು ತೋರುವುದು ಈ ಭಾಗವೇ. ಇಷ್ಟು ವರ್ಷ ರಾಜ್ಯವನ್ನಾಳಿದವನ ಮನೆಯಲ್ಲಿ ಎಷ್ಟು ಹೊನ್ನಿರಬಹುದೆಂದು ಸುಲ್ತಾನನು ಖಜಾಂಚಿಯನ್ನು ಕರೆಸಿದನು. ಖಜಾಂಚಿಯ ಲೆಕ್ಕ ಹೀಗಿತ್ತು: ಒಡೆಯನಿಗೆ ಎರಡು ಖಜಾನೆಗಳಿದ್ದವು. ಒಂದು ಅರಸನದು, ಜಹಗೀರಿನಿಂದ ಬಂದ ಹಣವೆಲ್ಲ ಅದಕ್ಕೆ ಸೇರಿ, ಸೈನಿಕರ, ಆನೆ ಕುದುರೆಗಳ, ಆಳುಕಾಳುಗಳ ಖರ್ಚಿಗೆ ಹೋಗುತ್ತಿತ್ತು. ಇನ್ನೊಂದು ಬಡವರದು, ಅದರಲ್ಲಿ ಮೊಹರು ಹಾಕಿದ ಚೀಲದಲ್ಲಿ ಉಳಿದಿದ್ದದ್ದು 300 ಲಾರಿ. ಲಾರಿಯೆಂದರೆ ಪರ್ಷಿಯಾದ ಲಾರ್ ಪಟ್ಟಣದ ಹೆಸರಿನ ಬೆಳ್ಳಿಯ ನಾಣ್ಯ, ತಂತಿಯನ್ನು ಮಡಿಸಿ ಮಾಡಿದ್ದು. ಓದುಗರು ಜೋಳದ ಮೂಟೆ ಹೇರುವ ಮೋಟಾರನ್ನು ನೆನೆಯಬಾರದು. ಹಾಗಾದರೆ ಆತನ ಸ್ವಂತ ಊಟ ಬಟ್ಟೆಗೆ? ಅದಕ್ಕೆ ಬೇರೆಯ ಗಂಟು. ಗೀಲಾನಿನಿಂದ ಬರುವಾಗ ತಂದಿದ್ದ 40,000 ಲಾರಿಗಳ ಮೂಲ ಬಂಡವಾಳವನ್ನು ಆತನು ಕೊನೆಯವರೆಗೂ ವ್ಯಾಪಾರದಲ್ಲಿ ತೊಡಗಿಸಿಯೇ ಇಟ್ಟಿದ್ದನು. ಅದರ ಲಾಭದಲ್ಲಿ ದಿನಕ್ಕೆ ಇಷ್ಟೆಂದು ಗೊತ್ತುಮಾಡಿ ತನ್ನ ಅಡುಗೆ ಉಡುಗೆಗಳನ್ನು ಸಾಗಿಸುತ್ತಿದ್ದನು. ಮಿಕ್ಕದ್ದು ಹುಟ್ಟಿದೂರಿನ ಬಂಧುಗಳಿಗೂ ದೂರದೇಶದ ಸತ್ಪಾತ್ರರಿಗೂ ಹೋಗುತ್ತಿತ್ತು. ಅನೇಕ ರಾತ್ರಿಗಳಲ್ಲಿ ವೇಷ ಮರೆಸಿಕೊಂಡು ಊರಿನ ಕೇರಿಗಳಲ್ಲಿ ತಿರುಗಿ ಬಡವರಿಗೆ ಹಣ ಹಂಚುತ್ತಿದ್ದನೆಂದೂ, ಉಣ್ಣುತ್ತಿದ್ದದ್ದು ಮಣ್ಣಿನ ಪಾತ್ರೆಯಲ್ಲಿ, ಮಲಗುತ್ತಿದ್ದದ್ದು ಚಾಪೆಯ ಮೇಲೆ ಎಂದೂ ಹೇಳುತ್ತಾರೆ. ಮೂರು ಸಾವಿರ ಗ್ರಂಥಗಳಿದ್ದವು. ಅವು ಮದರಸಾದ ವಿದ್ಯಾರ್ಥಿಗಳಿಗೆ ಸಲ್ಲತಕ್ಕವು.

ಅಂದರೆ ಇಪ್ಪತ್ತೆಂಟು ವರ್ಷಗಳ ಅಧಿಕಾರದ ಉದ್ದಕ್ಕೂ ಆ ಮನುಷ್ಯನು ಒಳಗೊಳಗೇ ವರ್ತಕನಾಗಿಯೇ ಉಳಿದನು. ಸರ್ಕಾರದ ಹಣವನ್ನು ಸ್ವಂತದ ಹಣದೊಡನೆ ಬೆರಸಬಾರದೆಂಬುದು ಋಷಿಗಳು ಹೇಳಿದ ಗಹನ ತತ್ತ್ವವೇನಲ್ಲ. ಎರಡು ಖಾತೆ ಇಟ್ಟ ಯಾವ ಪ್ರಾಮಾಣಿಕ ಕಿರಾಣಿ ಅಂಗಡಿಯವನಿಗೂ ಅದು ಗೊತ್ತು. ಆದರೆ ತಕ್ಕಡಿಯನ್ನು ಬಿಟ್ಟು ಗಾದಿಯೇರಿದ ಮೇಲೂ ಅದನ್ನು ಮರೆಯದವರು ಎಷ್ಟು ಮಂದಿ? ಸುಲ್ತಾನನು ಲೆಕ್ಕ ಕೇಳಿ ಪಶ್ಚಾತ್ತಾಪದಿಂದ ಬೆಂದನಂತೆ. ಒಂದು ವರ್ಷ ತುಂಬುವುದರೊಳಗೆ ಅವನೂ ತೀರಿಕೊಂಡನು. ಕೆಲವೇ ವರ್ಷಗಳಲ್ಲಿ ರಾಜ್ಯವು ಒಡೆಯತೊಡಗಿ, ಕಾಲಕ್ರಮದಲ್ಲಿ ಐದು ಹೋಳಾಯಿತು.

ಬಹಮನಿ ಸುಲ್ತಾನರ ಗೋರಿಗಳು ಬೀದರಿನ ಹತ್ತಿರ ಅಷ್ಟೂರಿನಲ್ಲಿ ಭವ್ಯ ಗುಮ್ಮಟಗಳ ಅಡಿಯಲ್ಲಿವೆ. ಅಹಮದ್ ಷಾಹನ ಗುಮ್ಮಟದ ಒಳಗಣ ಚಿತ್ತಾರವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಮಹಮೂದನ ಗೋರಿಯು ಊರಿನ ಇನ್ನೊಂದು ದಿಕ್ಕಿನಲ್ಲಿ, ಗೋರನಳ್ಳಿಯ ಬಳಿ ಇದೆ. ಗುಮ್ಮಟವಿಲ್ಲ, ಆಡಂಬರವಿಲ್ಲ. ಶಾಲೆಯ ಗತಿಯೂ ಹೇಳುವಂಥದಲ್ಲ. ಬೀದರ ಮೊಗಲರ ವಶವಾದ ಮೇಲೆ ಆ ಕಟ್ಟಡದಲ್ಲಿ ಸಿಪಾಯಿಗಳು ಬೀಡುಬಿಟ್ಟರು. ಪಂಡಿತರಿದ್ದ ಕೋಣೆಗಳಲ್ಲಿ ಮದ್ದುಗುಂಡನ್ನು ತುಂಬಿದರು. 1696ರ ಸುಮಾರಿಗೆ ಸಿಡಿಲು ಬಡಿದು ಮದ್ದು ಹೊತ್ತಿ, ಒಂದು ಮಿನಾರೂ ಕಟ್ಟಡದ ದೊಡ್ಡ ಭಾಗವೂ ಹಾರಿಹೋದವು. ಸಿಡಿಲನ್ನು ದೂರುವುದು ಸುಲಭ. ಶಾಲೆಯೊಳಗೆ ಮದ್ದನ್ನು ತಂದಿಟ್ಟದ್ದು ಸಿಡಿಲಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ, ನಿಕಿತಿನನು ಕಂಡ ಆ ಹಳ್ಳಿಯ ಬಡವರನ್ನು ಮರೆಯುವುದು ನ್ಯಾಯವಲ್ಲ. ಖ್ವಾಜಾನ ಮದರಸಾದಲ್ಲಿ ಪಾಠ ನಡೆದದ್ದು ಅರಬಿ ಪಾರಸಿಗಳಲ್ಲಿ. ಸುತ್ತಲಿನ ಭಾಲ್ಕಿ, ಔರಾದ ಸೀಮೆಗಳಲ್ಲಿ ಜನರ ಬಾಯಲ್ಲಿದ್ದದ್ದು ಕನ್ನಡ, ಮರಾಠಿ, ತೆಲುಗು. ಎರೆಹೊಲದಲ್ಲಿ ದುಡಿದು ಕಂದಾಯ ತೆತ್ತ ಒಕ್ಕಲಿಗನ ಮಗನಿಗೆ ಆ 36 ಕೋಣೆಗಳ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತು? ಇದು ಒಬ್ಬ ಮಹಮೂದನ ದೋಷವಲ್ಲ. ಆ ಕಾಲದ ಯಾವ ದೇಶದ ಯಾವ ವಿದ್ಯಾಪೀಠವೂ ಹೊಲದ ಮಕ್ಕಳಿಗಾಗಿ ಕಟ್ಟಿದ್ದಲ್ಲ. ಆದರೂ ರಾಜಧಾನಿಯಲ್ಲಿ ಮೂರು ಅಂತಸ್ತಿನ ಶಾಲೆ, ಹಳ್ಳಿಯಲ್ಲಿ ಓದಲು ಬಾರದ ಜನ ಎಂಬ ಸ್ಥಿತಿಯು ಬೀದರ ಸೀಮೆಯಲ್ಲಿ ಆಮೇಲೆ ನಾಲ್ಕೂವರೆ ಶತಮಾನ ನಡೆದುಬಂದಿತು. ನಿಜಾಮರ ಆಳ್ವಿಕೆಯಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಕಲಿಸಿತು. ದೇಶಭಾಷೆಯೊಂದು ವಿಶ್ವವಿದ್ಯಾನಿಲಯದ ಪಟ್ಟವೇರಿದ್ದು ದೊಡ್ಡ ಸಾಹಸವೇ. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅದೂ ಪರಭಾಷೆಯೇ.

ಹಳ್ಳಿಯ ಮಗುವಿಗೆ ಅದರ ಮಾತಿನಲ್ಲೇ ಅಕ್ಷರ ಕಲಿಸುವ ಕೆಲಸಕ್ಕೆ ಇಲ್ಲಿ ಕೈಹಾಕಿದವನು ಮಂತ್ರಿಯಲ್ಲ, ನಲವತ್ತು ಸಾವಿರ ಲಾರಿಗಳ ಬಂಡವಾಳವಿದ್ದ ವರ್ತಕನೂ ಅಲ್ಲ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಅವರು 1890ರಲ್ಲಿ ಹುಟ್ಟಿದ ಊರು ಕಮಲನಗರ. ಬಹುಕಾಲ ಔರಾದ ತಾಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲೂಕಾಗಿದೆ. ಅವರ ಬಂಡವಾಳವೆಂದರೆ ಹೆಗಲ ಮೇಲಿನ ಜೋಳಿಗೆ. ಅದರಲ್ಲಿ ಬಿದ್ದ ಕಾಳುಕಡ್ಡಿಯಿಂದ ಮಕ್ಕಳ ಹೊಟ್ಟೆ ತುಂಬಿಸಿ ಪಾಠ ಹೇಳಿಸಿದರು. ಕನ್ನಡ ಶಾಲೆಯೆಂದು ಬಹಿರಂಗವಾಗಿ ಹೇಳುವುದೇ ತೊಡಕಾಗಿದ್ದ ದಿನಗಳವು. ಪಟ್ಟದ್ದೇವರು ಅದಕ್ಕೆ ಹೂಡಿದ ಉಪಾಯವನ್ನು ಬೀದರ ಸೀಮೆಯ ಹಿರಿಯರು ಬಾಯಿತುಂಬ ಹೇಳುತ್ತಾರೆ: ಹೊರಗೆ ಉರ್ದು ಹಲಗೆ, ಒಳಗೆ ಕನ್ನಡ ಪಾಠ!

ಖ್ವಾಜಾನಿಗೂ ಪಟ್ಟದ್ದೇವರಿಗೂ ನಡುವೆ ಧರ್ಮ, ಭಾಷೆ, ಕಾಲ ಎಲ್ಲವೂ ಬೇರೆ. ಆದರೂ ಒಬ್ಬರನ್ನು ನೆನೆದರೆ ಇನ್ನೊಬ್ಬರು ನನ್ನ ಕಣ್ಣೆದುರಿಗೆ ಬರುತ್ತಾರೆ. ಬಡವರ ಚೀಲವನ್ನು ಮೊಹರು ಹಾಕಿ ಬೇರೆ ಇಟ್ಟವನು ಒಬ್ಬ. ಜೋಳಿಗೆಯನ್ನೇ ಖಜಾನೆ ಮಾಡಿಕೊಂಡವರು ಇನ್ನೊಬ್ಬರು. ಇಬ್ಬರೂ ಶಾಲೆಯ ಗಂಟಿಗೆ ಕೈಹಾಕಲಿಲ್ಲ. ಇನ್ನೊಂದು ಮಾತು. ಜೋಳಿಗೆ ಹಿಡಿದವರ ಹೆಸರು ಉಳಿಯುತ್ತದೆ. ಜೋಳಿಗೆಗೆ ಹಾಕಿದವರ ಹೆಸರು ಉಳಿಯುವುದು ಕಡಮೆ. ನಮ್ಮ ಹಳ್ಳಿಗಳಲ್ಲಿ ಒಂದು ಕೋಣೆಗೆ ಕಲ್ಲು, ಒಂದು ಬಾವಿಗೆ ಹಣ, ಪರೀಕ್ಷೆಗೆ ಕಟ್ಟಲು ನಾಲ್ಕು ರೂಪಾಯಿ ಕೊಟ್ಟ ಅಡತಿ ಅಂಗಡಿಯವರು, ಕಾಳಿನ ವ್ಯಾಪಾರಿಗಳು ಎಷ್ಟೋ ಮಂದಿ ಇದ್ದಾರೆ. ಸುಗ್ಗಿಯಲ್ಲಿ ತೊಗರಿ, ಉದ್ದು, ಕಡಲೆ ತೂಗುವಾಗ ಒಂದು ಪಾವು ಹೆಚ್ಚಿಗೆ ಎಳೆದುಕೊಂಡರೆಂದು ರೈತರು ಬೈದದ್ದೂ ಅವರನ್ನೇ. ಎರಡೂ ನಿಜವಿರಬಹುದು. ಫಿರಿಶ್ತಾನಂಥ ಇತಿಹಾಸಕಾರನು ಅವರ ಲೆಕ್ಕವನ್ನು ಬರೆಯಲು ಬರುವುದಿಲ್ಲವಾದ್ದರಿಂದ, ಆಯಾ ಊರಿನವರೇ ಬರೆದಿಡಬೇಕು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಭಾಲ್ಕಿ, ಔರಾದಗಳೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಉದಗೀರ, ನಿಲಂಗಾ ಮೊದಲಾದ ತಾಲೂಕುಗಳು ಮರಾಠಿ ಸೀಮೆಗೆ ಹೋದವು. ಪಟ್ಟದ್ದೇವರು ಅದೆಲ್ಲವನ್ನೂ ಕಂಡು, ಅದರಾಚೆಗೂ ನಾಲ್ಕು ದಶಕಗಳಿಗೂ ಮಿಕ್ಕಿ ಬಾಳಿ, ನೂರು ದಾಟಿದ ಮೇಲೆ 1999ರಲ್ಲಿ ಲಿಂಗೈಕ್ಯರಾದರು. ಅವರು ಕಣ್ಮುಚ್ಚುವ ಎಷ್ಟೋ ವರ್ಷಗಳ ಮೊದಲೇ, ಹೊರಗಿನ ಹಲಗೆಯೂ ಒಳಗಿನ ಪಾಠವೂ ಒಂದೇ ಭಾಷೆಯದಾಗಿದ್ದವು.